ಟ್ರೇನಿ ಫೈನಾನ್ಶಿಯಲ್ ಅಡ್ವೈಸರ್ ಇಂಟರ್ವ್ಯೂ, ಬೆಳಗಾವಿ: ಏನ್ ಕೇಳ್ತಾರ, ಏನ್ ಓದಬೇಕ್ರಿ?

ಬನಹಟ್ಟಿ_ಬಿಕಾಂ

ನಮಸ್ಕಾರ್ರಿ ಎಲ್ಲಾರಿಗೂ. ಬಿ.ಕಾಂ. ಮುಗದೈತಿ. ಬೆಳಗಾವಿಯ ಒಂದು ಕಂಪನಿಯವ್ರು 'ಟ್ರೇನಿ ಫೈನಾನ್ಶಿಯಲ್ ಅಡ್ವೈಸರ್' ಹುದ್ದೆಗೆ ಬರೂ ಗುರುವಾರ ಕರದಾರ. ಮೂರು ಸುತ್ತಂತ: ಮೊದ್ಲ ಎಚ್‌ಆರ್, ನಡುವ ರೋಲ್ ಪ್ಲೇ, ಕಡೀಕ ಬ್ರಾಂಚ್ ಮ್ಯಾನೇಜರ್. ಬರುವಾಗ ಪರಿಚಯದ 100 ಮಂದಿ ಹೆಸರು, ಫೋನ್ ನಂಬರ್ ಬರಕೊಂಡು ಬರ್ರಿ ಅಂದಾರ.

ಕೇಳೂದು ಇಷ್ಟರಿ. ರೋಲ್ ಪ್ಲೇದಾಗ ಏನ್ ನೋಡ್ತಾರ? ಲೆಕ್ಕ ಎಷ್ಟರ ಮಟ್ಟಿಗೆ ಬರಬೇಕು? ಪರೀಕ್ಷೆ ಮೊದಲ ಪಾಸಾಗಿರಬೇಕೋ, ಸೇರಿದ ಮ್ಯಾಲ ಬರದ್ರ ನಡೀತೈತೋ? ಆ 100 ಹೆಸರಿನ ಯಾದಿ ಕೊಡಬೇಕೋ ಬ್ಯಾಡೋ?

---

ಕುಂದಾನಗರಿ

100 ಹೆಸರಿನ ಮಾತು ಬಂದೈತಿ ಅಂದ್ರ ಮೊದಲ ಒಂದು ಖಾತ್ರಿ ಮಾಡಕೊಳ್ರಿ: ಇದು ಪಗಾರದ ನೌಕರಿಯೋ, ಏಜೆನ್ಸಿಯೋ? ಇದು ಗೊತ್ತಾಗದ ಇಂಟರ್ವ್ಯೂಕ್ಕ ತಯಾರಿ ಮಾಡೂದ ಸುಳ್ಳು, ಯಾಕಂದ್ರ ಎರಡರ ಪ್ರಶ್ನೆನೂ ಬ್ಯಾರೆ, ನೀವು ಕೊಡೂ ಉತ್ತರನೂ ಬ್ಯಾರೆ.

ಒಂದ ಹೆಸರಿನ್ಯಾಗ ಮೂರು ನಮೂನಿ ಕೆಲಸ ಅಡಗ್ಯಾವ. ಬ್ಯಾಂಕು, ಬ್ರೋಕರ್ ಕಂಪನಿಯ ಪಗಾರದ ಹುದ್ದೆ ಒಂದು. ಜೀವವಿಮಾ ಕಂಪನಿಯ ಏಜೆನ್ಸಿ ಎರಡನೇದ್ದು. ಇಲ್ಲಿ ನೀವು ನೌಕರ ಅಲ್ಲ, ಕಮಿಷನ್ ಮ್ಯಾಲ ದುಡಿಯೂ ಏಜೆಂಟ. ಮೊದಲ ಕೆಲವು ತಿಂಗಳು 'ಸ್ಟೈಪೆಂಡ್' ಅಂತ ಕೊಟ್ರೂ ಅದು ಟಾರ್ಗೆಟ್‌ಗೆ ಕಟ್ಟಿದ್ದಿರತೈತಿ. ಮೂರನೇದ್ದು ಮ್ಯೂಚುವಲ್ ಫಂಡ್ ವಿತರಕರ ಆಫೀಸು. ನಿಜವಾದ ಸಲಹೆಗಾರ ಅಂದ್ರ ಷೇರು ಪೇಟೆಯ ನಿಯಂತ್ರಕ ಸೆಬಿಯ 2013ರ ನಿಯಮದಡಿ ನೋಂದಣಿ ಆದ 'ಇನ್ವೆಸ್ಟ್‌ಮೆಂಟ್ ಅಡ್ವೈಸರ್'. ಅವ್ರು ಗಿರಾಕಿ ಕಡಿಂದ ಫೀ ತಗೋತಾರ, ಕಮಿಷನ್ ಇಲ್ಲ. ಆ ನೋಂದಣಿ ಇಲ್ಲದ ಫಂಡ್ ವಿತರಕ ತನ್ನ ಹೆಸರಿಗೆ 'ಅಡ್ವೈಸರ್' ಅಂತ ಹಚ್ಚಕೊಳ್ಳೂಹಂಗಿಲ್ಲ. ಬ್ರಾಂಚ್ ಮ್ಯಾನೇಜರ್ ಸುತ್ತಿನ್ಯಾಗ "ವಿಸಿಟಿಂಗ್ ಕಾರ್ಡಿನ ಮ್ಯಾಲ ನನ್ನ ಹುದ್ದೆ ಏನಂತ ಬರತೈತ್ರಿ ಸರ?" ಅಂತ ಸಾವಕಾಶ ಕೇಳ್ರಿ. ಹುಡುಗಗ ವಿಷಯ ಗೊತ್ತೈತಿ ಅನ್ನೂದು ಅಲ್ಲೇ ತಿಳಿತೈತಿ.

ಗುರುವಾರದ ತನಕ ಕಾಯಬ್ಯಾಡ್ರಿ, ನಾಳೆನ ಎಚ್‌ಆರ್‌ಗೆ ಫೋನ್ ಮಾಡಿ ಎರಡು ಮಾತು ಕೇಳ್ರಿ: ಆಫರ್ ಲೆಟರ್ ಕೊಡ್ತೀರೋ, ಏಜೆನ್ಸಿ ಅರ್ಜಿ ತುಂಬಿಸಕೊಳ್ತೀರೋ? ಪಿಎಫ್ ಖಾತೆ ತೆಗೀತೀರೋ? ಎರಡಕ್ಕೂ "ಬಂದ ಮ್ಯಾಲ ಮಾತಾಡೂಣು" ಅಂದ್ರ ಏಜೆನ್ಸಿ ಅಂತ ಹಿಡೀರಿ. ಏಜೆನ್ಸಿ ಕೆಟ್ಟದ್ದಂತ ಅಲ್ಲ. ಆದ್ರ ಮನಿಯಾಗ ವರ್ಷಕ್ಕಾಗೂವಷ್ಟು ಖರ್ಚಿನ ರೊಕ್ಕ ಇಲ್ಲದ ಅದರಾಗ ಇಳದ್ರ ಮೂರನೇ ತಿಂಗಳಿಗೆ ಸೋದರಮಾವ, ಕಾಕಾಗಳ ಹೆಸರಿನ್ಯಾಗ ಪಾಲಿಸಿ ಮಾಡಿಸಿ ಅಲ್ಲಿಗೇ ಮುಗೀತೈತಿ.

ಯಾದಿ ಬಗ್ಗೆ. ನೇಮಕ ಮಾಡೂವ್ರು ನಿಮ್ಮ ಮೊದಲ 90 ದಿನದ ವ್ಯಾಪಾರ ಎಷ್ಟಾಗಬಹುದು ಅಂತ ಆ ಹೆಸರಿನ ಮ್ಯಾಲ ಅಂದಾಜ ಹಾಕ್ತಾರ. ಯಾದಿ ಒಯ್ರಿ, ನಂಬರ್ ಬ್ಯಾಡ. ಮಂದಿ ನಂಬರ್ ಅವರನ್ನ ಕೇಳದ ಕೊಡೂದು ಸರಿಯಲ್ಲ, ಮ್ಯಾಲ ನಿಮ್ಮನ್ನ ತಗೋಳಿಲ್ಲಂದ್ರೂ ಆ ನಂಬರ್‌ಗೆ ಫೋನ್ ಹೋಗೂದು ನಿಲ್ಲಂಗಿಲ್ಲ. ನಂಬರಿನ ಜಾಗಾದಾಗ ಉದ್ಯೋಗ, ಅಂದಾಜು ವಯಸ್ಸು, ರೊಕ್ಕ ಕೈಗೆ ಬರೂ ತಿಂಗಳು ಬರೀರಿ. ಮಗ್ಗದವ್ರು 30, ಸಾಲಿ ಮಾಸ್ತರು 12, ಕಬ್ಬಿನ ರೈತ್ರು 25, ಅಂಗಡಿಯವ್ರು 20 ಅಂತ ಗುಂಪು ಮಾಡಿ ತೋರಿಸಿದ್ರ ನೋಡೂವ್ರಿಗೆ ಕೆಲಸದ ಮನಷ್ಯಾ ಅನಸ್ತೈತಿ. ಗುಂಪಿಲ್ಲದ 100 ಹೆಸರು ಅಂದ್ರ ಮತದಾರರ ಯಾದಿ ಇದ್ದಂಗ. ನಂಬರ್ ಕೇಳಿದ್ರ "ಸೇರಿದ ಮ್ಯಾಲ ಅವರನ್ನ ಕೇಳಿ ಕೊಡ್ತೀನ್ರಿ" ಅಂದ್ರ ಸಾಕು.

ಪರೀಕ್ಷೆ ಸಾಮಾನ್ಯವಾಗಿ ಸೇರಿದ ಮ್ಯಾಲ ಬರಸ್ತಾರ. ವಿಮಾ ಏಜೆಂಟರಿಗೆ ಐಸಿ-38: 50 ಪ್ರಶ್ನೆ, ಒಂದು ತಾಸು, ಶೇ 35 ಬಂದ್ರ ಪಾಸು, ಕನ್ನಡದಾಗೂ ಐತಿ. ಮ್ಯೂಚುವಲ್ ಫಂಡ್‌ಗೆ ಎನ್‌ಐಎಸ್‌ಎಂ (ಸೆಬಿ ಕಟ್ಟಿದ ತರಬೇತಿ ಸಂಸ್ಥೆ) ಸೀರೀಸ್ 5-ಎ: 100 ಪ್ರಶ್ನೆ, ಎರಡು ತಾಸು, ಪಾಸಾಗಾಕ 50, ತಪ್ಪಿಗೆ ಅಂಕ ಕಳಿಯೂದಿಲ್ಲ, ಪ್ರಮಾಣಪತ್ರ 3 ವರ್ಷ ನಡೀತೈತಿ. ಪಾಸಾದ ಮ್ಯಾಲ ಸ್ವಂತ ಮಾಡೂವ್ರಿಗೆ ಫಂಡ್ ಕಂಪನಿಗಳ ಸಂಘ ಆಂಫಿ ಕೊಡೂ ವಿತರಕ ನೋಂದಣಿಯ ಎಆರ್‌ಎನ್ ನಂಬರ್, ವಿತರಕರ ಕೈಯಾಗಿನ ನೌಕರರಿಗೆ ಗುರುತಿನ ನಂಬರ್ ಇಯುಐಎನ್. 5-ಎ ಪುಸ್ತಕದ ಪಿಡಿಎಫ್ ಎನ್‌ಐಎಸ್‌ಎಂ ಜಾಲತಾಣದಾಗ ಪುಕ್ಕಟೆ ಸಿಗತೈತಿ. ಈಗಿಂದ ಎರಡು ಅಧ್ಯಾಯ ಓದಿ, "ಓದಾಕತ್ತೀನಿ, ಇಂಥಾ ದಿನ ಬರೀತೀನಿ" ಅಂತ ತಾರೀಖು ಹೇಳ್ರಿ. ತಾರೀಖಿಲ್ಲದ "ಬರೀತೀನ್ರಿ" ಯಾರೂ ನಂಬಂಗಿಲ್ಲ.

ಪರೀಕ್ಷಾ ಫೀ ಬಿಟ್ಟು 'ಟ್ರೇನಿಂಗ್ ಫೀ', 'ಸೆಕ್ಯೂರಿಟಿ ಡಿಪಾಸಿಟ್' ಅಂತ ಏನರ ಕೇಳಿದ್ರ ಎದ್ದು ಬರ್ರಿ. ಮಾರ್ಕ್ಸ್ ಕಾರ್ಡಿನ ಅಸಲು ತೋರಿಸ್ರಿ, ಬಿಟ್ಟು ಬರಬ್ಯಾಡ್ರಿ. ಝೆರಾಕ್ಸ್ ಕೊಡೂದಿದ್ರ ಅದರ ಮ್ಯಾಲ ಅಡ್ಡ ಗೆರಿ ಎಳೆದು "ಇಂಥಾ ಕಂಪನಿಯ ಸಂದರ್ಶನಕ್ಕೆ ಮಾತ್ರ" ಅಂತ ಬರದು ಸಹಿ, ತಾರೀಖು ಹಾಕ್ರಿ.

---

ಗುಮ್ಮಟದೂರು

ರೋಲ್ ಪ್ಲೇ ಬಗ್ಗೆ ಹೇಳ್ತೀನಿ. ಅಲ್ಲಿ ಸೋಲೋರು ಸೋಲೋದು ಒಂದೇ ಕಾರಣಕ್ಕ: ಮೊದಲ ನಿಮಿಷದಾಗೇ ಸ್ಕೀಮು ಹೇಳ್ಲಿಕ್ಕೆ ಸುರು ಮಾಡ್ತಾರ. ಎದುರಿಗೆ ಕೂತವ್ರು ಬೇಕಂತನೇ "ನನಗ ಒಂದು ಛಲೋ ಪಾಲಿಸಿ ಹೇಳಪಾ" ಅಂತಾರ. ಅದು ಗಾಳ. ಹತ್ತು ನಿಮಿಷ ಕೊಟ್ರ ಆರು ನಿಮಿಷ ಬರೇ ಪ್ರಶ್ನೆ ಕೇಳ್ರಿ, ಮೂರು ನಿಮಿಷ ಹೇಳ್ರಿ, ಒಂದು ನಿಮಿಷ ಮುಂದಿನ ಭೇಟಿ ಗಟ್ಟಿ ಮಾಡ್ರಿ.

ಕೇಳೋ ಸಾಲು ಹೀಂಗ ಇರಲಿ. ಮನ್ಯಾಗ ಎಷ್ಟು ಮಂದಿ, ದುಡಿಯೋರು ಯಾರು. ರೊಕ್ಕ ತಿಂಗಳಿಗೆ ಬರ್ತದೋ, ವಾರಕ್ಕೋ, ಸುಗ್ಗಿಗೋ. ತಿಂಗಳ ಖರ್ಚು ಎಷ್ಟು. ಸಾಲ ಎಲ್ಲೆಲ್ಲಿ: ಬ್ಯಾಂಕು, ಸೊಸಾಯಿಟಿ, ಬಂಗಾರದ ಮ್ಯಾಲ, ಕೈಗಡ. ಈಗಾಗಲೇ ಇರೋ ಪಾಲಿಸಿ, ಪಿಗ್ಮಿ, ಚೀಟಿ. ಯಶಸ್ವಿನಿ ಅಥವಾ ಆಯುಷ್ಮಾನ್ ಕಾರ್ಡ್ ಅದ ಏನು. ಮುಂದ ಬರೋ ದೊಡ್ಡ ಖರ್ಚು ಯಾವುದು, ಯಾವ ವರ್ಷ. 'ಕೈಗಡ', 'ಚೀಟಿ' ಎರಡನ್ನೂ ಬಹಳ ಮಂದಿ ಕೇಳೋದೇ ಇಲ್ಲ. ನಮ್ಮ ಕಡೆ ಅರ್ಧ ರೊಕ್ಕ ಓಡಾಡೋದೇ ಅಲ್ಲಿ.

ಆಮ್ಯಾಲ ಹೇಳೋ ಕ್ರಮ: ಮೊದಲ ಆರು ತಿಂಗಳ ಖರ್ಚಿನ ಆಪತ್ತಿನ ಗಂಟು, ನಂತರ ಟರ್ಮ್ ವಿಮೆ (ಅವಧಿಯಾಗ ತೀರಿಕೊಂಡ್ರ ಮಾತ್ರ ರೊಕ್ಕ ಬರೋದು) ಮತ್ತ ಆರೋಗ್ಯ ವಿಮೆ, ಕಡೆಗೆ ಹೂಡಿಕೆ. ಒಂದು ಉದಾಹರಣೆ ಬಾಯಾಗ ಇಟ್ಕೊಳ್ರಿ. ಸಾಲಿ ಮಾಸ್ತರು, ವಯಸ್ಸು 35, ಪಗಾರ ತಿಂಗಳಿಗೆ 50,000, ಖರ್ಚು 30,000, ಮನಿ ಸಾಲ 18 ಲಕ್ಷ ಬಾಕಿ, ಹಳೇ ಪಾಲಿಸಿ 5 ಲಕ್ಷದ್ದು. ಆಪತ್ತಿನ ಗಂಟು 1.8 ಲಕ್ಷ. ಟರ್ಮ್ ವಿಮೆ: ವರ್ಷದ ಪಗಾರ 6 ಲಕ್ಷದ 12 ಪಟ್ಟು 72 ಲಕ್ಷ, ಅದಕ್ಕ ಸಾಲ 18 ಕೂಡಿಸಿ 90, ಇರೋ 5 ಕಳೆದ್ರ 85 ಲಕ್ಷ. '12 ಪಟ್ಟು ಯಾಕ?' ಅಂತ ಕೇಳೇ ಕೇಳ್ತಾರ. 10 ರಿಂದ 15 ಪಟ್ಟು ರೂಢಿಯ ಅಂದಾಜು, ಮಕ್ಕಳು ಸಣ್ಣವ್ರಿದ್ರ ಮ್ಯಾಲಿನ ಕಡೆ ಹೋಗಬೇಕು ಅಂತ ಹೇಳ್ರಿ. ಅದು ಕಾನೂನೇನಲ್ಲ.

ಈ ಭಾಗದ ಬ್ರಾಂಚಿನ್ಯಾಗ ಮಾಸ್ತರಿಗಿಂತ ರೈತರ ಪಾತ್ರ ಕೊಡೋದು ಹೆಚ್ಚು. ಅಲ್ಲಿ ಎರಡು ತಪ್ಪು ಆಗ್ತಾವ. ಒಂದು, 'ತೆರಿಗಿ ಉಳಿತದ' ಅಂತ ಪಾಲಿಸಿ ಮಾರ್ಲಿಕ್ಕೆ ಹೋಗೋದು. ಕೃಷಿ ಆದಾಯಕ್ಕ ತೆರಿಗಿನೇ ಇಲ್ಲ, ಉಳಸೋದೇನು? ಪಗಾರದವ್ರಿಗೂ ಹೊಸ ತೆರಿಗಿ ಪದ್ಧತಿಯಾಗ 80ಸಿ (ವಿಮಾ ಕಂತು, ಉಳಿತಾಯದ ಮ್ಯಾಲಿನ) ವಿನಾಯ್ತಿ ಸಿಗೋದಿಲ್ಲ, ಅದಕ್ಕ 'ಯಾವ ಪದ್ಧತಿ ಆರಿಸೀರಿ?' ಅಂತ ಮೊದಲ ಕೇಳಬೇಕು. ಎರಡನೇ ತಪ್ಪು, ಎಲ್ಲಾರಿಗೂ ತಿಂಗಳ ಸಿಪ್ (ಮ್ಯೂಚುವಲ್ ಫಂಡಿಗೆ ಕಂತಿನ್ಯಾಗ ರೊಕ್ಕ ಹಾಕೋದು) ಹೇಳೋದು. ಕಬ್ಬಿನವರಿಗೆ ರೊಕ್ಕ ಬರೋದು ಕಾರಖಾನಿ ಬಿಲ್ಲು ಬಂದಾಗ, ತಿಕೋಟಾ ಕಡೆ ದ್ರಾಕ್ಷಿಯವ್ರಿಗೆ ಒಣದ್ರಾಕ್ಷಿ ಮಾರಿದಾಗ. ಜೂನ್ ತಿಂಗಳದಾಗ ಬೀಜ, ಗೊಬ್ಬರ, ಮಕ್ಕಳ ಸಾಲಿ ಫೀ ಎಲ್ಲಾ ಕೂಡಿ ಬರ್ತಾವ. ಅದೇ ತಿಂಗಳು ಪಾಲಿಸಿ ಕಂತು ಇಟ್ರ ಎರಡನೇ ವರ್ಷಕ್ಕೇ ಪಾಲಿಸಿ ಸತ್ತಂಗ. ವಾರ್ಷಿಕ ಕಂತನ್ನ ಬಿಲ್ಲು ಕೈಗೆ ಬರೋ ತಿಂಗಳಿಗೆ ಹೊಂದಿಸಿ ಇಡ್ರಿ. ಹೂಡಿಕೆ ಮಾತು ಬಂದ್ರ, ಇಡೀ ಮೊತ್ತ ಲಿಕ್ವಿಡ್ ಫಂಡಿನ್ಯಾಗ (ಅಲ್ಪಾವಧಿ ಸಾಲಪತ್ರದ ಫಂಡು) ಇಟ್ಟು ತಿಂಗಳಿಗಿಷ್ಟು ಅಂತ ಈಕ್ವಿಟಿ (ಷೇರಿನ) ಫಂಡಿಗೆ ಸಾಗಿಸೋ ಎಸ್‌ಟಿಪಿ ಹೇಳ್ರಿ. ಈ ಒಂದು ಮಾತಿಗೆ ಅರ್ಧ ಇಂಟರ್ವ್ಯೂ ಗೆದ್ದಂಗ.

ನಿಮ್ಮ ಬನಹಟ್ಟಿ ಮಗ್ಗದವ್ರ ವಿಷಯ ನಿಮಗೇ ಹೆಚ್ಚು ಗೊತ್ತಿರಬೇಕು. ಆದ್ರೂ ಒಂದು: ಖಾತೆಯಾಗ ರೊಕ್ಕ ಇಲ್ಲದ ಆಟೋ ಡೆಬಿಟ್ ವಾಪಸ್ ಹೋದ್ರ ಬ್ಯಾಂಕು ದಂಡ ಹಾಕ್ತದ. ತಿಂಗಳ ಸಿಪ್ ಸತತ ಮೂರು ಸಲ ತಪ್ಪಿದ್ರ ರದ್ದಾಗ್ತದ. ವಾರದ ಬಟವಾಡೆ ಮ್ಯಾಲ ಬದುಕೋರಿಗೆ 3,000ದ ಒಂದು ಸಿಪ್‌ಗಿಂತ 500ರ ಎರಡು ಛಲೋ.

---

ಲೆಕ್ಕದ_ವಹಿ

ಕ್ಯಾಲ್ಕುಲೇಟರ್ ಕೊಡುವುದಿಲ್ಲ ಎಂದೇ ತಿಳಿದು ಹೋಗಿ. ದಶಮಾಂಶದ ತನಕ ಯಾರೂ ಕೇಳುವುದಿಲ್ಲ, ಅಂದಾಜು ಎಷ್ಟು ಬೇಗ ಬರುತ್ತದೆ ಎಂದು ನೋಡುತ್ತಾರೆ.

72ರ ಸೂತ್ರ ನಾಲಿಗೆಯ ಮೇಲಿರಲಿ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗುವ ವರ್ಷಗಳು. ಶೇ 6ಕ್ಕೆ 12 ವರ್ಷ, ಶೇ 8ಕ್ಕೆ 9, ಶೇ 12ಕ್ಕೆ 6. ಬೆಲೆಯೇರಿಕೆಗೂ ಇದೇ ಲೆಕ್ಕ: ಇಂದು ತಿಂಗಳಿಗೆ 30,000 ಖರ್ಚಿದ್ದರೆ ಶೇ 6ರ ಏರಿಕೆಯಲ್ಲಿ 24 ವರ್ಷಕ್ಕೆ ಎರಡು ಸಲ ಇಮ್ಮಡಿಸಿ 1,20,000.

ತಿಂಗಳಿಗೆ 5,000ದ ಸಿಪ್, ವರ್ಷಕ್ಕೆ ಶೇ 12 ಎಂದು ಹಿಡಿದರೆ 10 ವರ್ಷಕ್ಕೆ ಸುಮಾರು 11.6 ಲಕ್ಷ, 20 ವರ್ಷಕ್ಕೆ ಸುಮಾರು 50 ಲಕ್ಷ. ಕಟ್ಟಿದ್ದು ಇಮ್ಮಡಿ, ಬಂದದ್ದು ನಾಲ್ಕು ಪಟ್ಟಿಗೂ ಹೆಚ್ಚು. ಈ ಎರಡು ಅಂಕಿ ಬಾಯಿಪಾಠ ಇದ್ದರೆ 2,000, 10,000 ಎಲ್ಲಕ್ಕೂ ಭಾಗಿಸಿ ಗುಣಿಸಿ ಹೇಳಬಹುದು. 'ಶೇ 12 ಎಂದು ಹಿಡಿದರೆ' ಎಂಬ ಮಾತನ್ನು ಮಾತ್ರ ಎಂದೂ ಬಿಡಬೇಡಿ. 'ಬಂದೇ ಬರುತ್ತೆ', 'ಗ್ಯಾರಂಟಿ' ಎಂದರೆ ಅದೇ ಮಾತಿಗೆ ಅಂಕ ಹೋಗುತ್ತದೆ. ಮ್ಯೂಚುವಲ್ ಫಂಡಿನಲ್ಲಿ ಹಾಗೆ ಭರವಸೆ ಕೊಡುವಂತೆಯೇ ಇಲ್ಲ.

ಮುದ್ದತ್ತಿನ ಠೇವಣಿ: ಬಡ್ಡಿ ಶೇ 7, ಶೇ 20ರ ತೆರಿಗೆ ಹಂತ, ಸೆಸ್ ಸೇರಿ 20.8. ಕೈಗೆ ಉಳಿಯುವುದು ಶೇ 5.54. ಬೆಲೆಯೇರಿಕೆ 6 ಇದ್ದರೆ ಹಣ ಸವೆಯುತ್ತಿದೆ ಎಂದೇ ಅರ್ಥ. ಇನ್ನೊಂದು, ಶೇ 40 ಬಿದ್ದ ಹಣ ಮೊದಲಿನ ಮಟ್ಟಕ್ಕೆ ಬರಲು ಶೇ 66.7 ಏರಬೇಕು. 40 ಏರಿದರೆ ಸಾಕು ಎನ್ನುವವರೇ ಹೆಚ್ಚು.

ಅಭ್ಯರ್ಥಿಗಳು ಹೆಚ್ಚು ಎಡವುವುದು ಇಲ್ಲಿ: "ವರ್ಷಕ್ಕೆ 50,000ದಂತೆ 20 ವರ್ಷ ಕಟ್ಟಿ, ಕೊನೆಗೆ 20 ಲಕ್ಷ ಬರುತ್ತೆ. ಲಾಭ ಎಷ್ಟು?" ಹತ್ತು ಲಕ್ಷ ಕಟ್ಟಿ ಇಪ್ಪತ್ತು ಬಂತು, ಡಬಲ್, ಶೇ 100 ಎಂದರೆ ಮುಗಿಯಿತು. ಮೊದಲ ಕಂತು 20 ವರ್ಷ ದುಡಿದಿದೆ, ಕೊನೆಯದು ಒಂದೇ ವರ್ಷ, ಸರಾಸರಿ ಹತ್ತೂವರೆ. ಹತ್ತೂವರೆ ವರ್ಷಕ್ಕೆ ಇಮ್ಮಡಿ ಎಂದರೆ 72ರ ಸೂತ್ರದಲ್ಲಿ ಶೇ 6.9ರ ಹತ್ತಿರ. ಆದರೆ ಮೊದಲ ಕಂತುಗಳ ಚಕ್ರಬಡ್ಡಿ ಜಾಸ್ತಿ ಬೆಳೆಯುವುದರಿಂದ ನಿಜವಾದ ದರ ಅದಕ್ಕಿಂತ ಕಡಿಮೆ, ಶೇ 6.2. "ಏಳಕ್ಕಿಂತ ಕೆಳಗೆ, ಆರರ ಮೇಲೆ ಚಿಲ್ಲರೆ" ಎಂದು ಕಾರಣದೊಡನೆ ಹೇಳಿದರೆ ಸಾಕು.

"ಡೈರೆಕ್ಟ್ ಪ್ಲಾನ್ ಇರುವಾಗ ನಿಮ್ಮ ಮೂಲಕ ಯಾಕೆ ಹಾಕಬೇಕು?" ಎಂಬುದೂ ಈಗ ಖಾಯಂ ಪ್ರಶ್ನೆ. ಡೈರೆಕ್ಟ್ ಎಂದರೆ ವಿತರಕರಿಲ್ಲದೆ, ಅವರ ಕಮಿಷನ್ ಇಲ್ಲದೆ ನೇರ ಫಂಡ್ ಕಂಪನಿಯಲ್ಲೇ ಹೂಡುವುದು. ಡೈರೆಕ್ಟ್ ಪ್ಲಾನ್‌ಗಳು 2013ರ ಜನವರಿಯಿಂದ ಇವೆ. ವರ್ಷಕ್ಕೆ ಶೇ 0.8 ಖರ್ಚಿನ ವ್ಯತ್ಯಾಸ ಎಂದುಕೊಂಡರೆ, ಮೇಲಿನ 20 ವರ್ಷದ ಸಿಪ್‌ನಲ್ಲಿ 50 ಲಕ್ಷ ಹೋಗಿ 44.9 ಲಕ್ಷ ಆಗುತ್ತದೆ. ಐದು ಲಕ್ಷದ ಫರಕು. ಅದನ್ನು ಮುಚ್ಚಿಡಬೇಡಿ. ಐದು ಲಕ್ಷಕ್ಕೆ ಪ್ರತಿಯಾಗಿ ಏನು ಮಾಡಿಕೊಡುತ್ತೀರಿ ಎಂದು ಹೇಳಿ: ಕೆವೈಸಿ, ನಾಮಿನಿ ಸರಿಪಡಿಸುವುದು, ಬಜಾರು ಬಿದ್ದಾಗ ಗಿರಾಕಿ ಗಾಬರಿಯಿಂದ ಮಾರದಂತೆ ತಡೆಯುವುದು, ಮನೆಯ ಯಜಮಾನ ತೀರಿಕೊಂಡರೆ ಹೆಂಡತಿಯ ಜೊತೆ ಹೋಗಿ ಕಾಗದಪತ್ರ ಮಾಡಿಸುವುದು.

ಏಜೆನ್ಸಿ ಎಂದಾದರೆ ನಿಮ್ಮ ಸ್ವಂತದ ಲೆಕ್ಕವನ್ನೂ ಹಾಕಿಕೊಳ್ಳಿ. ಫಂಡ್ ವಿತರಣೆಯಲ್ಲಿ 2018ರ ಅಕ್ಟೋಬರಿನಿಂದ ಮುಂಗಡ ಕಮಿಷನ್ ಇಲ್ಲ, ಟ್ರೇಲ್ (ಗಿರಾಕಿಯ ಹಣ ಫಂಡಿನಲ್ಲಿ ಇರುವಷ್ಟು ಕಾಲ ಬರುವ ಕಮಿಷನ್) ಮಾತ್ರ. ಮೊದಲ ತಿಂಗಳೇ 100 ಗಿರಾಕಿ, ತಲಾ 5,000ದ ಸಿಪ್ ಸಿಕ್ಕಿತು ಎನ್ನಿ, ಯಾರಿಗೂ ಸಿಗುವುದಿಲ್ಲ, ಇರಲಿ. ತಿಂಗಳಿಗೆ 5 ಲಕ್ಷ, ವರ್ಷದ ಸರಾಸರಿ ಮೊತ್ತ 32.5 ಲಕ್ಷ. ಟ್ರೇಲ್ ಶೇ 0.8 ಎಂದರೆ ಇಡೀ ವರ್ಷಕ್ಕೆ 26,000. ಹಾಗಾಗಿಯೇ ಮೊದಲ ವರ್ಷದ ಕಮಿಷನ್ ದಪ್ಪಗಿರುವ ವಿಮೆಯ ಕಡೆಗೇ ಬ್ರಾಂಚುಗಳು ತಳ್ಳುತ್ತವೆ.

---

ಬನಹಟ್ಟಿ_ಬಿಕಾಂ

ಭಾಳ ಉಪಕಾರ ಆತ್ರಿ. ಎಚ್‌ಆರ್‌ಗೆ ಫೋನ್ ಹಚ್ಚಿದ್ದೆ. ಪಗಾರದ ಹುದ್ದೆನ ಅಂತ, ಪಿಎಫ್ ಐತಂತ. ಸಿಟಿಸಿ (ನನ್ನ ಮ್ಯಾಲ ಕಂಪನಿ ಮಾಡೂ ಒಟ್ಟು ಖರ್ಚು) ವರ್ಷಕ್ಕ 3 ಲಕ್ಷ, ಅದರಾಗ 60 ಸಾವಿರ 'ವೇರಿಯಬಲ್'. ಕೈಗೆ ಎಷ್ಟು ಬರಬಹುದ್ರಿ? ಇನ್ನೊಂದು, ಗಿರಾಕಿ 'ಕಮಿಷನ್‌ದಾಗ ಅರ್ಧ ನನಗ ಕೊಡು' ಅಂದ್ರ ಏನ್ ಹೇಳಬೇಕು ಅನ್ನೂ ಪ್ರಶ್ನೆ ಬರತೈತೇನ್ರಿ? ಇಂಗ್ಲಿಷ್‌ನ್ಯಾಗ ಮಾತಾಡಬೇಕೇನು?

---

ಕುಂದಾನಗರಿ

ವೇರಿಯಬಲ್ ಬಿಟ್ಟಬಿಡ್ರಿ, ಅದು ಟಾರ್ಗೆಟ್ ಮುಟ್ಟಿದ್ರ ಬರೂದು. ಉಳಿದ 2.4 ಲಕ್ಷ ಅಂದ್ರ ತಿಂಗಳಿಗೆ 20,000. ಬೇಸಿಕ್ 10,000 ಅಂತ ಹಿಡದ್ರ ಕಂಪನಿ ಪಾಲಿನ ಪಿಎಫ್ ಶೇ 12, ಅಂದ್ರ 1,200, ಅದ ಸಿಟಿಸಿ ಒಳಗಿಂದನ ಹೋಗತೈತಿ. ಪಗಾರ 21,000ದ ಒಳಗ ಇರೂದ್ರಿಂದ ನೌಕರರ ಆರೋಗ್ಯ ವಿಮೆ ಇಎಸ್‌ಐ ಬರತೈತಿ, ಕಂಪನಿ ಪಾಲು ಶೇ 3.25. ಅಲ್ಲಿಗೆ ಗ್ರಾಸ್ ಸುಮಾರು 18,208. ಅದರಾಗ ನಿಮ್ಮ ಪಿಎಫ್ 1,200, ಇಎಸ್‌ಐ ಶೇ 0.75ರಂತೆ 137 ಕಳದ್ರ ಕೈಗೆ 16,870ರ ಆಸುಪಾಸು. ಗ್ರ್ಯಾಚುಟಿನೂ ಸಿಟಿಸಿ ಒಳಗ ಸೇರಿಸಿದ್ರ ಇನ್ನೂ ಕಡಿಮಿ.

ಟಿಳಕವಾಡಿ, ಶಹಾಪುರ ಕಡೆ ರೂಮ್ ಬಾಡಿಗಿ, ಮೆಸ್ಸು, ಗಾಡಿ ಪೆಟ್ರೋಲ್ ಇದರಾಗ ನಡೀಬೇಕು. ಅದಕ್ಕ ಮೂರು ಮಾತು ಬರವಣಿಗಿದಾಗ ಕೇಳ್ರಿ: ಪೆಟ್ರೋಲ್ ಭತ್ತೆ ಕಿಲೋಮೀಟರ್ ಲೆಕ್ಕಕ್ಕೋ, ಗಟ್ಟಿ ಮೊತ್ತವೋ? ಟಾರ್ಗೆಟ್ ಮುಟ್ಟದಿದ್ರ ಬರೇ ವೇರಿಯಬಲ್ ಹೋಗತೈತೋ, ನೌಕರಿನೂ ಹೋಗತೈತೋ? ಪ್ರೊಬೇಷನ್ ಎಷ್ಟು ತಿಂಗಳು? ಬಾಂಡ್ ಬರಸ್ಕೊಳ್ತಾರೇನು ಅಂತನೂ ನೋಡ್ರಿ. ಖಾಲಿ ಚೆಕ್ಕಿಗೆ ಸಹಿ ಮಾತ್ರ ಬ್ಯಾಡ, ಯಾರ ಹೇಳಿದ್ರೂ.

---

ಟಿಳಕವಾಡಿ_ಮೂಲಿ

ಭಾಷೆ ಬಗ್ಗೆ: ಎಚ್‌ಆರ್ ಸುತ್ತಿನ್ಯಾಗ ಎರಡು ನಿಮಿಷದ ಪರಿಚಯ ಇಂಗ್ಲಿಷ್‌ನ್ಯಾಗ ತಯಾರಿರಲಿ. ರೋಲ್ ಪ್ಲೇ ಕನ್ನಡದಾಗನ ಮಾಡ್ತೀನಿ ಅಂತ ಕೇಳ್ರಿ, ಗಿರಾಕಿ ಮಾತಾಡೂದು ಅದ ಭಾಷೆ ಅಲ್ಲೇನು. ಬೆಳಗಾವಿ ಶಾಖೆ ಅಂದ್ರ ಮರಾಠಿ ಬಂದ್ರ ಲಾಭ, ಬರದಿದ್ರ 'ತಿಳಿತೈತಿ, ಮಾತಾಡಾಕ ಕಲೀತೀನಿ' ಅಂದ್ರ ಸಾಕು. ಸುಳ್ಳು ಹೇಳಿದ್ರ ಅಲ್ಲೇ ಮರಾಠಿ ಸುರು ಮಾಡ್ತಾರ!

ಟೈ ಬ್ಯಾಡ. ಇಸ್ತ್ರಿ ಮಾಡಿದ ತಿಳಿ ಬಣ್ಣದ ಅಂಗಿ, ಬೂಟು ಸಾಕು. ಬೈಕ್ ಲೈಸನ್ಸ್ ಐತೇನು ಅಂತ ಕೇಳ್ತಾರ, ಒಯ್ಯಾಕ ಮರೀಬ್ಯಾಡ್ರಿ. ಮಹಾಲಿಂಗಪುರ, ಗೋಕಾಕ ಮ್ಯಾಲಿಂದ ಬರೂ ಬಸ್ಸು ನೆಚ್ಚಿ 10ರ ಇಂಟರ್ವ್ಯೂಕ್ಕ ಮುಂಜಾನೆ ಹೊಂಡಬ್ಯಾಡ್ರಿ, ಹಿಂದಿನ ದಿನಾನ ಬಂದು ಉಳೀರಿ.

---

ಗುಮ್ಮಟದೂರು

ಕಮಿಷನ್ ಪ್ರಶ್ನೆ ಬಂದೇ ಬರ್ತದ. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಕಮಿಷನ್ ಬಿಟ್ಟುಕೊಡೋದು ತಪ್ಪು, ತಗೊಳ್ಳೋದೂ ತಪ್ಪು, ದಂಡ 10 ಲಕ್ಷದ ತನಕ. ಆದ್ರ ಗಿರಾಕಿ ಮುಂದ ಕಲಂ ನಂಬರ್ ಒದರಿದ್ರ ಕೆಲಸ ಕೆಡ್ತದ. "ಕಾಕಾ, ಹಂಗ ಕೊಡ್ಲಿಕ್ಕೆ ಬರೂದಿಲ್ಲ, ನನ್ನ ನೌಕರಿನೂ ಹೋಗ್ತದ, ನಿಮಗೂ ತ್ರಾಸ. ಬ್ಯಾರೆ ಕಡೆ ಕೊಟ್ಟೋರು ಮುಂದಿನ ವರ್ಷ ಫೋನ್ ಎತ್ತತಾರೇನು, ಅದನ್ನ ಕೇಳ್ರಿ" ಅನ್ರಿ. ಇದರ ಹಿಂದೇನೇ ಪರ್ಸಿಸ್ಟೆನ್ಸಿ ಬಗ್ಗೆ ಕೇಳ್ತಾರ: 13ನೇ ತಿಂಗಳಿಗೆ, ಅಂದ್ರ ಎರಡನೇ ವರ್ಷದ ಕಂತಿಗೆ, ನೂರರಾಗ ಎಷ್ಟು ಪಾಲಿಸಿ ಜೀವಂತ ಇದ್ದಾವ ಅನ್ನೋದು ಅದು. ರೊಕ್ಕ ವಾಪಸ್ ಕೊಟ್ಟು ಮಾರಿದ ಪಾಲಿಸಿ ಬಿದ್ದು ಹೋಗೋದು ಇಲ್ಲೇ. ಫ್ರೀ ಲುಕ್ (ಬ್ಯಾಡಾದ ಪಾಲಿಸಿ ವಾಪಸ್ ಮಾಡೋ ಅವಧಿ) 30 ದಿನ ಅನ್ನೋದೂ ನೆನಪಿರಲಿ, ಹಳೇ ಪುಸ್ತಕದಾಗ 15 ಅಂತ ಇರ್ತದ.

ಇನ್ನೊಂದು ಬಿಟ್ಟಿದ್ದೆ. "ನಮ್ಮ ಊರ ಸೊಸಾಯಿಟಿ ಶೇ 10 ಕೊಡ್ತದ, ಬ್ಯಾಂಕು 7. ನಾ ಯಾಕ ಬ್ಯಾಂಕಿನ್ಯಾಗ ಇಡಲಿ?" ನಮ್ಮ ಕಡೆ ಈ ಪ್ರಶ್ನೆ ತಪ್ಪೋದಿಲ್ಲ. 5 ಲಕ್ಷಕ್ಕ ವರ್ಷಕ್ಕ 15,000 ಹೆಚ್ಚು ಬರ್ತದ, ಅದು ಖರೇನೇ. ಆದ್ರ ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕು ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನ್ಯಾಗ 5 ಲಕ್ಷದ ತನಕ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮೆ ಅದ. ಪತ್ತಿನ ಸಂಘ, ಸೌಹಾರ್ದಕ್ಕ ಅದು ಇಲ್ಲ. ಹೆಸರಿನ್ಯಾಗ 'ಬ್ಯಾಂಕ್' ಅದನೋ, ಬರೇ 'ಸಹಕಾರಿ ನಿಯಮಿತ' ಅದನೋ ಪಾಸ್‌ಬುಕ್ ತೆಗೆದು ತೋರಿಸ್ರಿ. ಇಷ್ಟು ಹೇಳಿ ಸುಮ್ಮನಾಗ್ರಿ, ಯಾವ ಸೊಸಾಯಿಟಿ ಹೆಸರೂ ಎತ್ತಬ್ಯಾಡ್ರಿ. ಎದುರಿಗೆ ಕೂತ ಮ್ಯಾನೇಜರ್ ಅದರ ಸಭಾಸದ ಇದ್ರೂ ಇರಬಹುದು.

---

ಲೆಕ್ಕದ_ವಹಿ

ಬುಧವಾರ ರಾತ್ರಿ ಒಂದು ಚೀಟಿಯಲ್ಲಿ ಅಂದಿನ ಅಂಕಿ ಬರೆದುಕೊಳ್ಳಿ: ರೆಪೊ ದರ, ನಿಫ್ಟಿ, 10 ಗ್ರಾಂ ಬಂಗಾರ, ನಿಮ್ಮೂರಿನ ಬ್ಯಾಂಕಿನ ಒಂದು ವರ್ಷದ ಠೇವಣಿ ದರ, ಪಿಪಿಎಫ್, ಹಿರಿಯ ನಾಗರಿಕರ ಯೋಜನೆ. ಅಂಚೆ ಯೋಜನೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಹಳೆಯ ವಿಡಿಯೊ ನೋಡಿ ಹೇಳಬೇಡಿ. ತೆರಿಗೆಯಲ್ಲೂ ಹಾಗೆಯೇ: ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಮೇಲೆ 80ಸಿ ಎಂದದ್ದು ಜನರ ಬಾಯಲ್ಲಿರುವ ಹಳೆಯ ಹೆಸರು.

---

ಬನಹಟ್ಟಿ_ಬಿಕಾಂ

ಚೀಟಿ ಬರ್ಯಾಕತ್ತೀನ್ರಿ. ಯಾದಿದಾಗ ನಂಬರಿನ ಕಾಲಂ ತೆಗೆದು 'ರೊಕ್ಕ ಬರೂ ತಿಂಗಳು' ಹಾಕೇನಿ. ಮಗ್ಗದವ್ರ ಸಾಲಿಗೆ ತಿಂಗಳಲ್ಲ, 'ಬಟವಾಡೆ ವಾರ' ಅಂತ ಬರದೇನಿ.